ಎಂಜಿನ್ನಿಗೆ ಮದ್ದು ಹೊಡೆದದ್ದು

ಯಂತ್ರಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಇರಬೇಕಾದ್ದೇ! ಸುಂಟಿಕೊಪ್ಪದಲ್ಲಿ ಸ್ಪ್ರೇ ಪಂಪು, ಮರ ಕೊಯ್ಯುವ ಮೆಷಿನ್ನು, ಕಳೆ ಕೊಚ್ಚುವ ಮೆಷಿನ್ನು ಮಾರುವ ಅಂಗಡಿ ನನ್ನದು. ಎಸ್ಟೇಟಿನವರು ಕೈಬಿಟ್ಟ ಪಂಪುಗಳೂ ನನ್ನ ಕೈ ಸೋಕಿದರೆ ಕೆಮ್ಮಿ, ಸೀನಿ, ಎದ್ದು ಕೂರುತ್ತವೆ. ಇಂಥ ಮನುಷ್ಯ ಐವತ್ತು ದಾಟಿದ ಮೇಲೆ ಒಂದು ಟೂರಿಂಗ್ ಬೈಕ್ ಕೊಂಡರೆ ತಪ್ಪೇನು? ಲಡಾಖಿಗೆ ಹೋಗಬೇಕೆಂಬುದು ನನ್ನ ಬಹುಕಾಲದ ಆಸೆ. ಹೆಂಡತಿ ಲಲಿತಳನ್ನು ಹಿಂದೆ ಕೂರಿಸಿಕೊಂಡು ಹೋಗಬೇಕೆಂಬುದು ಆ ಆಸೆಯ ಎರಡನೇ ಭಾಗ. ಎರಡನೇ ಭಾಗವನ್ನು ಬೈಕ್ ಮನೆಗೆ ಬಂದ ಮೇಲೆಯೇ ಅವಳಿಗೆ ತಿಳಿಸಿದೆ.

ಸೆಕೆಂಡ್ ಹ್ಯಾಂಡ್ ಆದರೂ ಬೈಕ್ ಆನೆಮರಿಯ ಹಾಗಿತ್ತು. ಎರಡೂ ಬದಿಗೆ ಸಾಮಾನು ಪೆಟ್ಟಿಗೆ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನು, ರೇಡಿಯೇಟರ್ ಇಲ್ಲ, ನೀರಿಲ್ಲ, ಕೆಡುವುದಕ್ಕೆ ಏನೂ ಇಲ್ಲ ಎಂದು ಮಾರಿದವನು ಹೇಳಿದ್ದ. ಅವನು ಹೇಳಿದ್ದು ಸತ್ಯ. ಬೈಕಿನಲ್ಲಿ ಏನೂ ಕೆಡಲಿಲ್ಲ. ಕೆಟ್ಟದ್ದು ನನ್ನ ಕಾಲು!

ಮೊದಲ ಸವಾರಿ ಹಾರಂಗಿಗೆ. ಭಾನುವಾರ, ಕುಶಾಲನಗರದಲ್ಲಿ ಪ್ರವಾಸಿಗಳ ಕಾರಿನ ಸಾಲು. ಆ ಸಾಲಿನಲ್ಲಿ ಆಮೆಯಂತೆ ಸರಿಯುವಾಗ ಕೆಳಗಿನಿಂದ ಶಾಖ ಏರತೊಡಗಿತು. ಒಲೆಯ ಮುಂದೆ ಕೂತ ಹಾಗಲ್ಲ, ಒಲೆಯ ಮೇಲೆಯೇ ಕೂತ ಹಾಗೆ. ಎಲ್ಲರೂ ಅಣೆಕಟ್ಟಿನಲ್ಲಿ ನೀರು ನೋಡುತ್ತಿದ್ದರೆ ನಾನು ಕಾಲು ಅದ್ದುವುದಕ್ಕೆ ಜಾಗ ಹುಡುಕುತ್ತಿದ್ದೆ. ವಾಪಸು ಬರುವಾಗ ಲಲಿತ ಕುಶಾಲನಗರದಲ್ಲೇ ಇಳಿದು ಬಸ್ಸು ಹತ್ತಿದಳು. ಬಸ್ಸು ನನ್ನನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೈ ಬೀಸಿದಳು ಕೂಡ.

ಮೆಕ್ಯಾನಿಕ್‌ನನ್ನು ಕೇಳಿದರೆ, ಇದಕ್ಕೆ ಗಾಳಿ ಬೇಕು, ಓಡುತ್ತಲೇ ಇದ್ದರೆ ಬಿಸಿಯಾಗುವುದಿಲ್ಲ, ನಿಲ್ಲಿಸಬೇಡಿ ಎಂದ. ನಮ್ಮ ರಸ್ತೆಯಲ್ಲಿ ನಿಲ್ಲಿಸದೆ ಓಡಿಸುವುದು ಹೇಗೆ? ಒಂದು ತಿರುವಿನಲ್ಲಿ ದನ, ಇನ್ನೊಂದರಲ್ಲಿ ಕೆಲಸದವರನ್ನು ಇಳಿಸುವ ಎಸ್ಟೇಟ್ ಜೀಪು, ಮೂರನೆಯದರಲ್ಲಿ ಜೀಪು ನಿಲ್ಲಿಸಿ ಮಾತಾಡುವ ಪರಿಚಯದವರು. ಮಾತಾಡಿಸದೆ ಹೋದರೆ ಮರುದಿನ ಅಂಗಡಿಗೆ ಗಿರಾಕಿ ಬರುವುದಿಲ್ಲ. ಕಡೆಗೆ ಅಡಿಕೆ ಹಾಳೆ ಕತ್ತರಿಸಿ ಎರಡೂ ಕಾಲಿಗೆ ಕಟ್ಟಿಕೊಂಡೆ. ಮಾದಾಪುರ ತಲುಪುವಷ್ಟರಲ್ಲಿ ಹಾಳೆ ಹೊಗೆಯಾಡತೊಡಗಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿ ಬೀಡಿಗೆ ಬೆಂಕಿ ಕೇಳಿದರು.

ಅಷ್ಟರಲ್ಲಿ ಸೋಮವಾರಪೇಟೆಯಲ್ಲಿ ಲಲಿತಳ ಅಕ್ಕನ ಮಗಳ ಮದುವೆ ಬಂತು. ನಾನು ಬೈಕ್ ಎಂದೆ. ಅವಳು ಬಸ್ಸು ಎಂದಳು. ವಾದ ನಡೆದು ನಡೆದು, ಕೊನೆಗೆ ಅವಳೇ ಒಂದು ತೀರ್ಪು ಕೊಟ್ಟಳು.

"ನೋಡಿ, ಈ ಸಲ ಇದರಲ್ಲೇ ಬರ್ತೇನೆ. ಛತ್ರದ ಮುಂದೆ ಇಳಿಯುವಾಗ ನನ್ನ ಕಾಲು ತಣ್ಣಗಿದ್ರೆ ಬೈಕ್ ಇರಲಿ. ಬಿಸಿಯಾಗಿದ್ರೆ ಇದನ್ನು ಮಾರಿ ಒಂದು ಸ್ಕೂಟರ್ ತಗೊಳ್ಳುವ. ಆಮೇಲೆ ಮಾತು ಬದಲಿಸುವ ಹಾಗಿಲ್ಲ."

ನಾನು ಒಪ್ಪಿದೆ. ಇಡೀ ಲಡಾಖ್ ಈಗ ಲಲಿತಳ ಪಾದದ ಮೇಲೆ ನಿಂತಿತ್ತು.

ಬಹು ದಿನಗಳ ಚಿಂತನ ಮಂಥನದ ತರುವಾಯ ಈ ಕೆಳಕಂಡ ತೀರ್ಮಾನಕ್ಕೆ ಬರಲಾಯಿತು: ಗಾಳಿಯಿಂದ ತಣ್ಣಗಾಗದ ಎಂಜಿನ್ನನ್ನು ಮಂಜಿನಿಂದ ತಣ್ಣಗಾಗಿಸತಕ್ಕದ್ದು. ಮಂಜು ಮಾಡುವ ಸಾಮಾನು ನನ್ನ ಹತ್ತಿರವೇ ಇದೆಯಲ್ಲ! ತೋಟಕ್ಕೆ ಮದ್ದು ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ನೀಲಿ ಡಬ್ಬವನ್ನು ಬೈಕಿನ ಎಡ ಪೆಟ್ಟಿಗೆಯಲ್ಲಿ ಕೂರಿಸಿದೆ. ಪೈಪನ್ನು ಕವಲು ಮಾಡಿ ಎಂಜಿನ್ನಿನ ಎರಡೂ ಬದಿಗೆ ನಾಜಲ್ ಕಟ್ಟಿದೆ. ಸ್ವಿಚ್ಚು ಹ್ಯಾಂಡಲಿಗೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಸೀಳುತ್ತದೆ ಎಂದು ಯಾರೋ ಹೆದರಿಸಿದರು. ಇದು ಸುರಿಯುವುದಲ್ಲ, ಸಿಂಪಡಿಸುವುದು ಎಂದು ಅವರ ಅಜ್ಞಾನವನ್ನು ಹೋಗಲಾಡಿಸಿದೆ. ನೀರು ತುಂಬಿ ಸುಂಟಿಕೊಪ್ಪಕ್ಕೆ ಹೋಗಿ ಬಂದೆ. ಕಾಲಿಗೆ ಬೆಳಗಿನ ಇಬ್ಬನಿಯಲ್ಲಿ ನಡೆದ ಹಾಗಾಯಿತು. ಗಂಡಸು ಒಬ್ಬನೇ ಕೂತು ನಗುವುದು ಅಪರೂಪ, ಅವತ್ತು ನಾನು ನಕ್ಕೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಪಕ್ಕದ ತೋಟದ ಬೋಪಯ್ಯನವರು ಬಂದರು. ಅವರ ಪಂಪು ಕೆಟ್ಟಿತ್ತು, ನಾನು ಮದುವೆಗೆಂದು ಅಂಗಡಿ ಬಾಗಿಲು ಹಾಕಿ ಬಂದಾಗಿತ್ತು. ಮಳೆ ಹಿಡಿಯುವ ಮೊದಲು ಮದ್ದು ಹೊಡೆದು ಮುಗಿಸಬೇಕು ಎಂದರು. ಕೊಡುವುದು ತರುವುದು ನಮ್ಮ ಎರಡು ಮನೆಗೆ ಹೊಸತಲ್ಲ. ಇಲ್ಲಿಂದ ಎಳೆ ಬಿದಿರಿನ ಕಣಿಲೆ ಪಲ್ಯ ಹೋದ ಡಬ್ಬಿ ಅಲ್ಲಿಂದ ಜೇನು ತುಂಬಿಕೊಂಡು ಬರುತ್ತದೆ, ಜೇನಿನ ಬಾಟಲಿ ಉಪ್ಪಿನಕಾಯಿ ತುಂಬಿಕೊಂಡು ಹೋಗುತ್ತದೆ. ಬೈಕಿನಿಂದ ಡಬ್ಬ ಬಿಚ್ಚಿ ಕೊಟ್ಟೆ. ಕೆಲಸ ಮುಗಿದ ಮೇಲೆ ತಾವೇ ತಂದು ಅದೇ ಪೆಟ್ಟಿಗೆಯಲ್ಲಿ ಜೋಡಿಸುತ್ತೇನೆ ಎಂದು ಮಾತು ಕೊಟ್ಟು ಒಯ್ದರು.

ಬೆಳಗ್ಗೆ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಶೆಡ್ಡಿಗೆ ಹೋದೆ. ಡಬ್ಬ ಅದರ ಜಾಗದಲ್ಲೇ ಇತ್ತು. ಅಲುಗಾಡಿಸಿ ನೋಡಿದರೆ ತುಂಬಿದೆ! ಇದು ಲಲಿತಳದೇ ಕೆಲಸ. ಹಗಲೆಲ್ಲ ಬೈಕನ್ನು ಬೈಯುವವಳು ಯಾರಿಗೂ ಕಾಣದಂತೆ ನೀರು ತುಂಬಿಸಿಟ್ಟಿದ್ದಾಳೆ. ನನಗೆ ಎದೆ ತುಂಬಿ ಬಂತು. ಹೇಳಿದರೆ ನಾಚಿಕೊಳ್ಳುತ್ತಾಳೆಂದು ಏನೂ ಹೇಳದೆ, ಬಕೆಟ್ಟಿನ ನೀರನ್ನು ದಾಸವಾಳದ ಗಿಡಕ್ಕೆ ಸುರಿದು ಬಂದೆ.

ನಾನು ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು ನಿಂತೆ. ಲಲಿತ ಹೊರಗೆ ಬಂದಳು. ರೇಷ್ಮೆ ಸೀರೆಯ ಮೇಲೆ, ತಲೆಯಿಂದ ಹಿಮ್ಮಡಿವರೆಗೆ, ಮಳೆಗಾಲದ ರೈನ್‌ಕೋಟು! ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ.

"ಮಳೆ ಎಲ್ಲಿದೆ ಮಾರಾಯ್ತಿ?"

"ಮಳೆ ಇಲ್ಲ. ನೀವಿದ್ದೀರಲ್ಲ."

ಹೊರಟೆವು. ಮೊದಲ ಏರಿನಲ್ಲಿ ಎಂಜಿನ್ನು ಬುಸುಗುಡತೊಡಗಿದ ಕೂಡಲೇ ಸ್ವಿಚ್ಚು ಒತ್ತಿದೆ. ಚುಂಯ್ ಎಂದಿತು. ಕಾಲು ತಂಪಾಯಿತು. ಹೇಗಿದೆ ಎಂದು ಹಿಂದಕ್ಕೆ ಕೂಗಿ ಕೇಳಿದೆ. ತಣ್ಣಗಿದೆ ಎಂದಳು. ಆ ಒಂದು ಮಾತಿಗೆ ನಾನು ಲಡಾಖ್ ಮುಟ್ಟಿ ಬಂದೆ. ಪ್ರತಿ ತಿರುವಿಗೂ ಒತ್ತಿದೆ. ಇಳಿಜಾರಿನಲ್ಲಿ ಅಗತ್ಯವಿಲ್ಲದಿದ್ದರೂ ಸಂತೋಷಕ್ಕೆಂದು ಒತ್ತಿದೆ. ಎದುರು ಬಂದವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಗಾಡಿ ಹಾಗಿದೆ, ನೋಡಲಿ ಬಿಡಿ ಎಂದುಕೊಂಡೆ.

ಮಾದಾಪುರದಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಿದಾಗ ಅಂಗಡಿ ಕಟ್ಟೆಯ ಮೇಲಿದ್ದ ಒಬ್ಬ ಅಜ್ಜ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ತೋಟಕ್ಕೆ ಮದ್ದು ಹೊಡೆದು ಬಂದದ್ದು?"

ಹೆಲ್ಮೆಟ್ ತೆಗೆದು ಕೆಳಗೆ ನೋಡಿಕೊಂಡೆ. ಪ್ಯಾಂಟು ನೀಲಿ. ಶೂ ನೀಲಿ. ಅಂಗಿಯ ಮೇಲೆ ನೀಲಿ ಚುಕ್ಕಿ. ಎಂಜಿನ್ನಿಗೆ ದೇವರ ಮೈಬಣ್ಣ. ಡಬ್ಬದಲ್ಲಿದ್ದದ್ದು ನೀರಲ್ಲ, ಬೋರ್ಡೋ! ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಕಾಫಿಗೂ ಕಾಳುಮೆಣಸಿಗೂ ಕೊಳೆರೋಗ ಬಾರದಂತೆ ಹೊಡೆಯುವ ಮದ್ದು. ಎಲೆಯ ಎರಡೂ ಬದಿಗೆ ಸಮನಾಗಿ ಕೂರಬೇಕು ಎಂದು ಗಿರಾಕಿಗಳಿಗೆ ನಾನೇ ಬೋಧಿಸುತ್ತಿರುತ್ತೇನೆ. ನನಗೆ ಎರಡೂ ಬದಿಗೆ ಸಮನಾಗಿ ಕೂತಿತ್ತು.

ಲಲಿತಳ ಹೊಟ್ಟೆ ಸೋಮವಾರಪೇಟೆವರೆಗೂ ನನ್ನ ಬೆನ್ನ ಹಿಂದೆ ನಗುವಿನಲ್ಲಿ ಕುಲುಕುತ್ತಿತ್ತು.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿ ನನ್ನನ್ನು ಕಂಡು ಪನ್ನೀರುದಾನಿ ಕೆಳಗಿಳಿಸಿದಳು. ಇವರಿಗೆ ಈಗಾಗಲೇ ಆಗಿದೆ ಎಂದು ತಿಳಿದಿರಬೇಕು. ಲಲಿತ ರೈನ್‌ಕೋಟು ಬಿಚ್ಚಿ ಕೊಡವಿದಳು. ಸೀರೆಯ ಮೇಲೆ ಒಂದೇ ಒಂದು ಚುಕ್ಕಿ ಇರಲಿಲ್ಲ! ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳ ಅನುಭವ ಅದು. ಅಷ್ಟರಲ್ಲಿ ಜೀಪಿನಿಂದ ಇಳಿದ ಬೋಪಯ್ಯನವರು ನಗುತ್ತಾ ಬಂದರು.

"ನಿಮ್ಮ ಒಳ್ಳೆಮೆಣಸಿನ ಬಳ್ಳಿಗೆ ಹೊಡೆದ್ರಾ ಮಾದಪ್ಪ? ಖಾಲಿ ಡಬ್ಬ ವಾಪಸ್ ಕೊಡೋದು ಹೇಗೆ ಅಂತ ಭರ್ತಿ ಮಾಡಿಟ್ಟಿದ್ದೆ."

ಆಮೇಲೆ ನನ್ನನ್ನು ಸರಿಯಾಗಿ ನೋಡಿದರು. ಆಮೇಲೆ ಅಲ್ಲಿದ್ದ ಖುರ್ಚಿ ಹಿಡಿದುಕೊಂಡು ಕೂತುಬಿಟ್ಟರು. ನೀರು ತುಂಬಿಸಿದ್ದು ನೀನಲ್ಲವಾ ಎಂದು ನಾನು ಲಲಿತಳನ್ನು ಮೆಲ್ಲಗೆ ಕೇಳಿದೆ. ಈ ದರಿದ್ರ ಗಾಡಿಗೆ ನಾನ್ಯಾಕೆ ನೀರು ತುಂಬಲಿ ಎಂದಳು. ಅಲ್ಲಿಗೆ ಬೆಳಗ್ಗೆ ತುಂಬಿ ಬಂದಿದ್ದ ಎದೆಯೂ ಖಾಲಿ.

ಮದುವೆ ಮನೆಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಮದುಮಗಳು ದಿಬ್ಬಣ ಬರುವ ಮೊದಲೇ ನಕ್ಕು ಕಾಡಿಗೆ ಕದಡಿಕೊಂಡಳು. ನಾನು ಅಡುಗೆಯವರ ಹತ್ತಿರ ಸಾಲ ಪಡೆದ ಪಂಚೆಯುಟ್ಟು, ನೀಲಿ ಕೈಯಲ್ಲೇ ಅಕ್ಷತೆ ಹಾಕಿದೆ. ಊಟದ ಪಂಕ್ತಿಯಲ್ಲಿ, ಲಲಿತಳಿಂದ ಎಲ್ಲ ತಿಳಿದುಕೊಂಡಿದ್ದ ಭಾವ, ಮದುಮಗಳ ಅಪ್ಪ, ಎದ್ದು ನಿಂತು, ಪಂದ್ಯದ ತೀರ್ಪು ಏನಾಯಿತು ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ನಾನು ಪಾಯಸದಲ್ಲಿ ತಲೆ ಹುದುಗಿಸಿದೆ. ಸ್ಕೂಟರಿನ ಬಣ್ಣ ಯಾವುದಿರಬಹುದೆಂದು ಯೋಚಿಸಿದೆ. ನೀಲಿ ಬೇಡ ಎಂದುಕೊಂಡೆ.

"ಮಾತು ಅಂದ್ರೆ ಮಾತು," ಎಂದಳು ಲಲಿತ. "ಕಾಲು ತಣ್ಣಗೇ ಇತ್ತು. ಬೈಕ್ ಇರಲಿ."

ಇಡೀ ಪಂಕ್ತಿ ಚಪ್ಪಾಳೆ ತಟ್ಟಿತು. ನನಗೆ ಅವಳ ಮೇಲೆ ಅವತ್ತು ಹುಟ್ಟಿದ ಪ್ರೀತಿ ಮದುವೆಯಾದ ಹೊಸತರಲ್ಲೂ ಹುಟ್ಟಿರಲಿಲ್ಲ. ಸಂಜೆ ಅವಳು ಬೋಪಯ್ಯನವರ ಜೀಪಿನಲ್ಲಿ ಮನೆಗೆ ಹೋದಳು. ನಾನು ಬಿಸಿಬಿಸಿಯಾಗಿ ಒಬ್ಬನೇ ಬಂದೆ.

ಈಗ ಆಟಿ ತಿಂಗಳು, ಮಳೆಗಾಲದ ನಟ್ಟನಡು. ಮಳೆ ಶುರುವಾದ ಮೇಲೆ ಬಟ್ಟೆ ಒಣಗುವ ಮಾತೇ ಇಲ್ಲ. ಒಂದು ಸಂಜೆ ನಾನು ಅಂಗಡಿಯಿಂದ ಬಂದು ಬೈಕನ್ನು ಶೆಡ್ಡಿಗೆ ಹಾಕಿದಾಗ ಲಲಿತ ಅದರ ಹತ್ತಿರ ಕೈ ಹಿಡಿದು ನೋಡಿದಳು. ಮರುದಿನ ಎಂಜಿನ್ನಿನ ಮೇಲ್ಗಡೆ ಹಗ್ಗ ಕಟ್ಟಿದ್ದಳು. ಈಗ ಆ ಹಗ್ಗದ ಮೇಲೆ ನನ್ನ ಬನಿಯನ್ನು, ಅವಳ ಸ್ವೆಟರು, ಬೋಪಯ್ಯನವರ ಮನೆಯ ಕಾಲುಚೀಲಗಳು ಹಬೆಯಾಡುತ್ತಿರುತ್ತವೆ. ಲಡಾಖಿನ ಮಾತೆತ್ತಿದರೆ, ಮಳೆ ಬಿಡಲಿ, ಈಗ ಗಾಡಿಗೆ ಪುರುಸೊತ್ತಿಲ್ಲ ಎನ್ನುತ್ತಾಳೆ.

ದಿನಾ ಸಂಜೆ ನಾನು ಬರುವ ಹೊತ್ತಿಗೆ ಗೇಟಿನ ಹತ್ತಿರ ಕೊಡೆ ಹಿಡಿದು ದಾರಿ ಕಾಯುತ್ತಾಳೆ. ಗಂಡನಿಗಾಗಿ ಹೀಗೆ ಕಾಯುವ ಹೆಂಡತಿ ಊರಲ್ಲೇ ಇಲ್ಲ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೂ ಆಯಿತು. ಮೊನ್ನೆ ಬೈಕನ್ನು ಸರ್ವೀಸಿಗೆ ಬಿಟ್ಟು ಬಸ್ಸಿನಲ್ಲಿ ಬಂದೆ. ಲಲಿತ ಗೇಟಿನಲ್ಲೇ ನಿಂತಿದ್ದಳು, ಪಕ್ಕದಲ್ಲಿ ಒದ್ದೆ ಬಟ್ಟೆಯ ಬಕೆಟ್ಟು. ನನ್ನನ್ನು ನೋಡಿದಳು. ನನ್ನ ಹಿಂದಿನ ರಸ್ತೆಯನ್ನು ನೋಡಿದಳು. ಮುಖ ಬಾಡಿತು.

"ನೀವು ಮಾತ್ರ ಬಂದ್ರಾ?"