ಬೈಂಡರ್ ಬಾಕ್ಸ್ ವಾಪಸ್ ಕೊಟ್ಟ ದಿನ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮಾತು. ಅದೂ ಆಡಿದ ಮಾತಲ್ಲ, ಬಾಯೊಳಗೇ ಉಳಿದುಹೋದ ಮಾತು.

ಬೈಂಡರ್ ಕೆಲಸ ಪುಸ್ತಕಗಳಿಗೆ ರಟ್ಟು ಕಟ್ಟುವುದು. ಕಳೆದ ವರ್ಷ ಪ್ರೆಸ್ಸಿನಲ್ಲಿ ಏಣಿ ಹತ್ತಿ ಕಾಗದದ ಕಟ್ಟು ಇಳಿಸಲು ಹೋಗಿ, ಕಟ್ಟಿಗಿಂತ ಮೊದಲು ತಾವೇ ಇಳಿದು ಕಾಲು ಮುರಿದುಕೊಂಡಿದ್ದರು. ಎರಡು ತಿಂಗಳು ಹಾಸಿಗೆ. ಅಷ್ಟೂ ದಿನ ಹೆಂಡತಿ ಅವರನ್ನು ಎತ್ತಿ ಕೂರಿಸಿದಳು, ಮೈ ಒರೆಸಿದಳು, ಬೆಡ್‌ಪ್ಯಾನ್ ಹಿಡಿದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಬೈಂಡರ್‌ಗೆ ಒಂದೇ ಆಸೆ. ಅವಳ ಎದುರು ಕೂತು, "ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ" ಎಂದು ಒಂದು ಸಲ ಹೇಳಿಬಿಡಬೇಕು.

ಹೇಳುವುದಕ್ಕೆ ಹೊತ್ತು ಬೇಕಲ್ಲ! ಬೆಳಿಗ್ಗೆ ಪ್ರೆಸ್ಸಿಗೆ ಓಡುವ ಗಡಿಬಿಡಿ. ಸಂಜೆ ಆರಕ್ಕೆ ಶುರುವಾದರೆ ಹತ್ತರವರೆಗೆ ಮನೆಯಲ್ಲಿ ಧಾರಾವಾಹಿಗಳ ಮೆರವಣಿಗೆ. ಬೈಂಡರ್ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಯಾರಾದರೊಬ್ಬರು ಮೂರ್ಛೆ ಹೋಗುತ್ತಿದ್ದರು. ಜಾಹೀರಾತಿನ ನಡುವೆ ಹೇಳಿ ಮುಗಿಸುವ ಮಾತೂ ಅದಲ್ಲ. ಹೀಗೇ ಹತ್ತು ತಿಂಗಳು ಕಳೆದುಹೋಯಿತು.

ಕೊನೆಗೆ ಎದೆ ಗಟ್ಟಿಮಾಡಿಕೊಂಡು ಟಿವಿ ಕನೆಕ್ಷನ್ನೇ ತೆಗೆಸಿಬಿಡೋಣ ಎಂದರು. ಕಾರಣ ಕೇಳಿದಾಗ ಕಣ್ಣಿಗೆ ಒಳ್ಳೆಯದಲ್ಲ ಎಂದು ಏನೋ ತೊದಲಿದರು. ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಆಯ್ತು ರೀ, ತೆಗೆಸಿ. ಆದ್ರೆ ಬಾಕ್ಸು ಕಂಪನಿಯವರದ್ದು. ಇವತ್ತು ಐದು ಗಂಟೆಯೊಳಗೆ ವಾಪಸ್ ಕೊಡದಿದ್ರೆ ತಾನಾಗೇ ಇನ್ನೊಂದು ವರ್ಷ ಮುಂದುವರಿಯುತ್ತಂತೆ. ಹಾಗೇನಾದ್ರೂ ಆದ್ರೆ ಈ ಮಾತು ನೀವು ಮತ್ತೆ ಎತ್ತಬಾರದು."

ಬೈಂಡರ್ ಪ್ರೆಸ್ಸಿಗೆ ರಜೆ ಹಾಕಿ ಕಂಪನಿಯ ಚೀಟಿ ಹಿಡಿದು ಕೂತರು. ಬಾಕ್ಸು, ರಿಮೋಟು, ಅಡಾಪ್ಟರು. ಮೂರರ ಹಿಂದೆಯೂ ಕೆಳಗೆ ಬರೆದ ನಂಬರಿನ ಸ್ಟಿಕ್ಕರೇ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದಿತ್ತು ಚೀಟಿ. ರಿಮೋಟು ತಿರುಗಿಸಿ ನೋಡಿದರೆ ನಂಬರ್ ಬೇರೆ. ಅಡಾಪ್ಟರ್ ನೋಡಿದರೆ ಅದರದ್ದು ಇನ್ನೂ ಬೇರೆ. ಬಾಕ್ಸು ಮಾತ್ರ ಇಟ್ಟಲ್ಲಿಂದ ಕದಲಿದ್ದಲ್ಲ ಎಂದು ಅದನ್ನು ತಿರುಗಿಸಿ ನೋಡಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆ ಕಟ್ಟಡದ ಎಲ್ಲ ಮನೆಗೂ ಒಂದೇ ಕಂಪನಿಯ ಬಾಕ್ಸು. ಒಬ್ಬರ ರಿಮೋಟು ಕೈಕೊಟ್ಟರೆ ಪಕ್ಕದ ಮನೆಯದನ್ನು ತರುವುದು, ಪಕ್ಕದವರು ಮೇಲಿನ ಮನೆಗೆ ಹೋಗುವುದು, ಯಾರೂ ವಾಪಸ್ ಕೇಳದಿರುವುದು ಅಲ್ಲಿನ ರೂಢಿ. ಹತ್ತು ವರ್ಷದಲ್ಲಿ ಯಾವ ಮನೆಯ ರಿಮೋಟು ಯಾವ ಮನೆ ಸೇರಿದೆಯೋ ಬಲ್ಲವರಿರಲಿಲ್ಲ.

ಮೊದಲು ಎದುರು ಮನೆಯ ನರ್ಸಮ್ಮನ ಬಾಗಿಲು ತಟ್ಟಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅವರು ಕೆದರಿದ ಕೂದಲಲ್ಲೇ ಓಡಿಬಂದರು.

"ಯಾವ ಕಾಲು?"

"ಕಾಲಲ್ಲ ನರ್ಸಮ್ಮ, ರಿಮೋಟು."

ನರ್ಸಮ್ಮ ಬೈಯಲಿಲ್ಲ. ಹಾಸಿಗೆ, ಸೋಫಾ, ಅಕ್ಕಿ ಡಬ್ಬಿ ಎಲ್ಲ ಜಾಲಾಡಿ ರಿಮೋಟು ಹುಡುಕಿಕೊಟ್ಟರು. ಅದರ ನಂಬರೂ ಬೇರೆ, ಕೆಳಗಿನ ಟೈಲರ್ ಹತ್ತಿರದಿಂದ ತಂದದ್ದಂತೆ. ಟೈಲರ್ ಅಂಗಡಿಗೆ ಹೋದರೆ, ಬೈಂಡರ್ ರಿಮೋಟು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹಾರದಂತೆ ಭಾರವಾಗಿ ಕೂತಿತ್ತು.

"ನಾವು ನೋಡೋದು ಒಂದೇ ಚಾನೆಲ್ಲು ಬೈಂಡರ್ರೇ, ಅದಕ್ಕೆ ರಿಮೋಟು ಯಾಕೆ? ಆದ್ರೆ ಒಳ್ಳೇ ತೂಕ ಇತ್ತು ಕಣ್ರೀ," ಎಂದು ಟೈಲರ್ ಅದರ ಜಾಗಕ್ಕೆ ತನ್ನ ಊಟದ ಡಬ್ಬಿ ಇಟ್ಟ.

ಅಡಾಪ್ಟರ್ ಸಿಕ್ಕಿದ್ದು ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ. ಅವರು ಅದನ್ನು ಒರೆಸಿ, ವೈರು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು. ಕೊಟ್ಟು ಚಪ್ಪಲಿ ಮೆಟ್ಟಿಕೊಂಡರು.

"ನಾನೂ ಬರ್ತೀನಿ. ಆಫೀಸಲ್ಲಿ ಮಾತಾಡೋದು ನಿಮ್ಮ ಕೈಲಾಗಲ್ಲ."

ಬೈಂಡರ್ ಎಲ್ಲರಿಗೂ ಬಾಯಿ ತುಂಬ "ತುಂಬಾ ಉಪಕಾರ ಆಯ್ತು" ಎಂದರು. ಅಕ್ಕಿ ಡಬ್ಬಿಗೆ ಕೈ ಹಾಕಿದ ನರ್ಸಮ್ಮನಿಗೆ ಎರಡು ಸಲ ಹೇಳಿದರು. ಹೇಳಿದ ಮೇಲೆ ತಮಗೇ ಸೋಜಿಗವಾಯಿತು. ಊರವರಿಗೆಲ್ಲ ಸಲೀಸಾಗಿ ಹೊರಡುವ ಈ ಮಾತು ಮನೆಯವಳ ಎದುರು ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ? ಇರಲಿ, ಇವತ್ತು ಸಂಜೆ ಹೇಳಿಯೇ ತೀರುತ್ತೇನೆ ಎಂದುಕೊಂಡು ಬಸ್ಸು ಹತ್ತಿದರು.

ಕಂಪನಿಯ ಆಫೀಸಿನಲ್ಲಿ ಕ್ಯೂ ಬಾಗಿಲಾಚೆಗೂ ಬಂದಿತ್ತು. ಸರದಿ ಬಂದಾಗ ನಾಲ್ಕು ಗಂಟೆ. ಕೌಂಟರಿನ ಹುಡುಗಿ ರಿಮೋಟು ನೋಡಿ ಸರಿ ಎಂದು ತಲೆಯಾಡಿಸಿದಳು, ಅಡಾಪ್ಟರ್ ನೋಡಿ ತಲೆಯಾಡಿಸಿದಳು, ಬಾಕ್ಸು ತಿರುಗಿಸಿ ನೋಡಿ ಪಕ್ಕಕ್ಕೆ ತಳ್ಳಿದಳು.

"ಇದು ನಿಮ್ಮದಲ್ಲ ಸಾರ್."

"ನಮ್ಮನೇಲೇ ಇತ್ತಲ್ಲಮ್ಮ!"

"ಮನೆ ನಿಮ್ಮದಿರಬಹುದು. ಬಾಕ್ಸು ಬೇರೆಯವರ ಹೆಸರಲ್ಲಿದೆ."

ಬೈಂಡರ್ ಬಾಕ್ಸನ್ನು ಎಳೆದುಕೊಂಡು ಸ್ಟಿಕ್ಕರನ್ನು ಚೀಟಿಯ ಪಕ್ಕ ಹಿಡಿದು ನೋಡಿದರು. ಆಗ ಪಕ್ಕದಲ್ಲಿದ್ದ ಮೇಷ್ಟ್ರು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದರು.

"ಅದು ನನ್ನದು ಬೈಂಡರ್ರೇ. ನೀವು ಕಾಲು ಮುರ್ಕೊಂಡು ಮಲಗಿದ್ರಲ್ಲ, ಆಗ ನಿಮ್ಮ ಬಾಕ್ಸು ಹತ್ತು ನಿಮಿಷಕ್ಕೊಂದ್ಸಲ ನಿಂತುಹೋಗ್ತಿತ್ತು. ಮಲಗಿದವರಿಗೆ ಟಿವಿಯಾದ್ರೂ ನೆಟ್ಟಗೆ ಬರ್ಲಿ ಅಂತ ನೀವು ನಿದ್ದೆ ಮಾಡ್ತಿದ್ದಾಗ ನಮ್ಮದನ್ನ ತಂದಿಟ್ಟು ನಿಮ್ಮದನ್ನ ತಗೊಂಡು ಹೋದೆ."

"ಅಂದ್ರೆ ವರ್ಷದಿಂದ ನೀವು…"

"ಹತ್ತು ನಿಮಿಷಕ್ಕೊಂದ್ಸಲ ಎದ್ದು ತಟ್ಟೋದು ಅಭ್ಯಾಸ ಆಗಿದೆ. ಮಂಡಿಗೆ ಒಳ್ಳೇ ವ್ಯಾಯಾಮ."

ಬೈಂಡರ್ ಕಣ್ಣು ಮಂಜಾಯಿತು. ಯಾವ ಜನ್ಮದ ಪುಣ್ಯಕ್ಕೆ ಇಂಥ ನೆರೆಹೊರೆ ಸಿಕ್ಕಿತೋ ಎನಿಸಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಕ್ಯೂನಲ್ಲಿ ಹಿಂದಿದ್ದವನು, "ಕೈ ಆಮೇಲೆ ಹಿಡ್ಕೊಳ್ಳಿ ಸ್ವಾಮಿ, ಹೊತ್ತಾಗುತ್ತೆ," ಎಂದ.

ಮೇಷ್ಟ್ರು ಮನೆಗೆ ಫೋನ್ ಮಾಡಿದರು. ಮೇಷ್ಟ್ರ ಹೆಂಡತಿ ನೋಡುತ್ತಿದ್ದ ಧಾರಾವಾಹಿಯನ್ನು ಅರ್ಧಕ್ಕೇ ಬಿಟ್ಟು ಬಾಕ್ಸು ಕಿತ್ತು ಟೈಲರ್ ಕೈಗಿತ್ತರು. ಟೈಲರ್ ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಸ್ಕೂಟರ್ ಹತ್ತಿದ. ಎದ್ದೆನೋ ಬಿದ್ದೆನೋ ಎಂದು ಅವನು ಆಫೀಸಿನ ಮೆಟ್ಟಿಲು ಹತ್ತಿದಾಗ ಐದಕ್ಕೆ ನಾಲ್ಕು ನಿಮಿಷವಿತ್ತು. ಕಿಟಕಿ ಮುಚ್ಚಲು ಎದ್ದಿದ್ದ ಹುಡುಗಿಯೂ ಮತ್ತೆ ಕೂತು ರಸೀದಿ ಬರೆದುಕೊಟ್ಟಳು. ಅವಳಿಗೂ ಉಪಕಾರ ಹೇಳಿಯಾಯಿತು.

ಆರು ಗಂಟೆಗೆ ಬೈಂಡರ್ ಕೈಕಾಲು ತೊಳೆದು, ತಲೆ ಬಾಚಿ ಸೋಫಾದ ಮೇಲೆ ಕೂತರು. ಮನೆ ನಿಶ್ಶಬ್ದ. ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು, ಕೈಗೆ ಏನು ಕೆಲಸ ಕೊಡುವುದೋ ತಿಳಿಯದೆ ಸೆರಗಿನ ಅಂಚು ನೇವರಿಸುತ್ತಿದ್ದಳು.

"ನೋಡು, ನಾನು ನಿಂಗೆ…"

ಬಾಗಿಲಲ್ಲಿ ದಡಬಡ ಸದ್ದಾಯಿತು. ತೆರೆದರೆ ನರ್ಸಮ್ಮ, ಟೈಲರ್, ಮೇಷ್ಟ್ರು, ಮೇಷ್ಟ್ರ ಹೆಂಡತಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕುರ್ಚಿ.

"ಟಿವಿ ಇಲ್ದೆ ಮೊದಲ್ನೇ ದಿನ ಇಬ್ಬರಿಗೂ ಬೇಜಾರಾಗುತ್ತೆ ಅಂತ ಜೊತೆಗೆ ಬಂದ್ವಿ," ಎಂದರು ನರ್ಸಮ್ಮ.

ಬೈಂಡರ್ ಹಲ್ಲು ಬಿಟ್ಟರು. ಬೇರೆ ಏನು ಮಾಡಲು ಸಾಧ್ಯ? ಮಾತು ಶುರುವಾಯಿತು. ಏಳಾಯಿತು, ಏಳೂವರೆಯಾಯಿತು. ಇನ್ನು ತಡೆದರೆ ಈ ಜನ್ಮದಲ್ಲಿ ಆಗದು ಎನಿಸಿ ಬೈಂಡರ್ ಎದ್ದು ನಿಂತೇಬಿಟ್ಟರು. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ ಗೋಡೆ ಗಡಿಯಾರ ನೋಡುತ್ತ ಶುರುಮಾಡಿದರು.

"ಒಂದು ಮಾತು ಹೇಳ್ಬೇಕು. ನಾನು ಕಾಲು ಮುರ್ಕೊಂಡು ಬಿದ್ದಿದ್ದಾಗ ಮಗು ಥರ ನೋಡ್ಕೊಂಡಿದ್ದು… ಆ ಋಣ ನಾನು ಹೇಗೆ ತೀರಿಸ್ಲಿ…"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಂದು ಬಾಕ್ಸು ಕೊಟ್ಟಿದ್ದಕ್ಕೆ ಇಷ್ಟು ದೊಡ್ಡ ಮಾತಾ!"

"ನಾನು ನಾಲ್ಕು ಸಲ ಬ್ಯಾಂಡೇಜ್ ನೋಡಿದ್ದನ್ನ ಇನ್ನೂ ನೆನಪಿಟ್ಕೊಂಡಿದೀರಲ್ಲ," ಎಂದು ನರ್ಸಮ್ಮ ಮೂಗು ಒರೆಸಿಕೊಂಡರು.

"ಪ್ಯಾಂಟಿನ ಒಂದು ಕಾಲು ಬಿಚ್ಚಿ ಅಗಲ ಮಾಡಿಕೊಟ್ಟಿದ್ದು ಯಾವ ದೊಡ್ಡ ಕೆಲಸ ಬಿಡಿ!" ಎಂದ ಟೈಲರ್.

ಹೆಂಡತಿ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದಳು.

"ಅಲ್ಲ, ಅದು…" ಎಂದರು ಬೈಂಡರ್. ಯಾರಿಗೂ ಕೇಳಿಸಲಿಲ್ಲ. ಕೊನೆಯ ಆಸೆಯಿಂದ ಗಡಿಯಾರ ತೋರಿಸಿದರು. "ಎಂಟಾಗ್ತಾ ಬಂತು. ನಿಮ್ಮ ಧಾರಾವಾಹಿ ಶುರುವಾಗುತ್ತಲ್ಲ?"

"ಧಾರಾವಾಹಿ ಮನೆ ಹಾಳಾಗ್ಲಿ!" ಎಂದರು ಮೇಷ್ಟ್ರ ಹೆಂಡತಿ. "ಇಷ್ಟು ಚೆನ್ನಾಗಿ ಕೂತು ಮಾತಾಡಿ ಎಷ್ಟು ವರ್ಷ ಆಯ್ತು! ನಾವೂ ತೆಗೆಸ್ತೀವಿ. ಸಂಜೆ ಆದ್ರೆ ಇಲ್ಲಿಗೇ ಬರೋದು."

"ನಮ್ಮದೂ ತೆಗೆಸಿ," ಎಂದರು ನರ್ಸಮ್ಮ. ಟೈಲರ್ ಕೂಡ ಕೈ ಎತ್ತಿದ.

ಬೈಂಡರ್ ಅಡುಗೆಮನೆಗೆ ಓಡಿದರು. ಹೆಂಡತಿ ಕಾಫಿ ಲೋಟಗಳನ್ನು ಅಗತ್ಯಕ್ಕಿಂತ ಜೋರಾಗಿ ಜೋಡಿಸುತ್ತಿದ್ದಳು.

"ಎಲ್ಲರಿಗೂ ಎಷ್ಟು ಚೆನ್ನಾಗಿ ಹೇಳಿದ್ರಿ ರೀ. ಎರಡು ತಿಂಗಳು ಬೆಡ್‌ಪ್ಯಾನ್ ಹಿಡಿದವಳು ನಾನು. ನನಗೊಂದು ಮಾತಿಲ್ಲ."

"ಅಯ್ಯೋ, ಅದು ನಿಂಗೇ ಹೇಳಿದ್ದು ಕಣೆ!"

"ಹೌದೌದು. ಈಗ ನಾನು ಕೇಳಿದ ಮೇಲೆ ನನಗೇ."

"ನಿನ್ನಾಣೆ! ಹತ್ತು ತಿಂಗಳಿಂದ ಹೇಳ್ಬೇಕು ಅಂತಿದೀನಿ."

ಹೆಂಡತಿ ಅವರ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ, ಕೈ ಮಾತ್ರ ಮೆತ್ತಗಾಯಿತು. ಲೋಟಗಳ ತಟ್ಟೆಯನ್ನು ಅವರ ಕೈಗಿತ್ತಳು.

"ಹೇಳೋದಿದ್ರೆ ನಾಳೆ ಸಂಜೆ ಅವರೆಲ್ಲ ಬರೋಕೆ ಮುಂಚೆ, ನಾವಿಬ್ಬರೇ ಇದ್ದಾಗ, ನನ್ನ ಮುಖ ನೋಡ್ಕೊಂಡು ಹೇಳಿ. ಆಗ ನಂಬ್ತೀನಿ."

ಬೈಂಡರ್‌ಗೆ ಹೋದ ಜೀವ ಬಂದಂತಾಯಿತು. ಇಂಥ ಹೆಂಡತಿ, ಇಂಥ ನೆರೆಹೊರೆ, ಇನ್ನೇನು ಬೇಕು ಮನುಷ್ಯನಿಗೆ ಎಂದುಕೊಂಡು ತಟ್ಟೆ ಹಿಡಿದು ಹೊರಗೆ ಬಂದರು.

"ಬೈಂಡರ್ರೇ," ಮೇಷ್ಟ್ರು ಉತ್ಸಾಹದಿಂದ ಕೂಗಿದರು, "ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ. ನಾಳೆಯಿಂದ ಆರಕ್ಕಲ್ಲ, ಐದಕ್ಕೇ ಬಂದುಬಿಡ್ತೀವಿ!"

ಬೈಂಡರ್ ಪ್ರೆಸ್ಸಿನಿಂದ ಮನೆ ಸೇರುವುದು ಐದೂವರೆಗೆ.