ನಾನು ಕಚೇರಿ ತೊಳೆದ ಹದಿನೇಳು ದಿನ

ಸ್ವಚ್ಛತೆಯ ಬಗ್ಗೆ ಮಾತನಾಡುವವರು ಬೇರೆ, ಸ್ವಚ್ಛ ಮಾಡುವವರು ಬೇರೆ. ನಾನು ಬಹುಕಾಲ ಮೊದಲನೆಯ ಗುಂಪಿನಲ್ಲಿದ್ದೆ, ಅಲ್ಲಿ ಸಾಕಷ್ಟು ಹೆಸರನ್ನೂ ಮಾಡಿದ್ದೆ. ಬೇರೆಯವರ ಮೇಜಿನ ಧೂಳು ನನಗೆ ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತಿತ್ತು. ನನ್ನ ಮೇಜಿನದು ಮಾತ್ರ ಕನ್ನಡಕ ಹಾಕಿಕೊಂಡರೂ ಕಾಣುತ್ತಿರಲಿಲ್ಲ. ಇನ್ನು ಮನೆಯಲ್ಲಿ ನಾನು ಮಾಡುತ್ತಿದ್ದ ಸ್ವಚ್ಛತಾ ಕಾರ್ಯವೆಂದರೆ ಸ್ನಾನ. ಅದಕ್ಕೂ ನೀರನ್ನು ಹೆಂಡತಿಯೇ ಕಾಯಿಸಿಡುತ್ತಿದ್ದಳು.

ಇಂಥ ನನ್ನನ್ನು ಕೊರೊನಾ ಕಾಲದಲ್ಲಿ ಕಚೇರಿಯ ಸ್ವಚ್ಛತೆಗೆ ನೋಡಲ್ ಅಧಿಕಾರಿ ಮಾಡಿದರು. ನಮ್ಮ ಕಚೇರಿ ಇರುವುದು ಖಾನಾಪುರದಲ್ಲಿ. ಯಾವ ಇಲಾಖೆ ಎಂದು ಹೇಳುವುದಿಲ್ಲ, ಇನ್ನೂ ನೌಕರಿ ಬಾಕಿ ಇದೆ. ನಾನು ಅಲ್ಲಿ ಹೆಡ್ ಕ್ಲರ್ಕ್. ರಾಮತೀರ್ಥ ನಗರದ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಲಾಕ್‌ಡೌನ್ ಸಡಿಲಗೊಂಡು ಕಚೇರಿ ಮತ್ತೆ ತೆರೆದ ದಿನ ನಮ್ಮ ಸಾಹೇಬರು ನನ್ನನ್ನು ಕರೆದು, "ಚೌಗುಲೆ, ಮ್ಯಾಲಿಂದ ಆದೇಶ ಬಂದೈತಿ, ಒಬ್ಬರನ್ನ ನೋಡಲ್ ಅಧಿಕಾರಿ ಮಾಡ್ಬೇಕಂತ. ಈ ವಿಷಯದಾಗ ನಿಮ್ಮಷ್ಟು ಮಾತಾಡಾವ್ರು ನಮ್ಮಲ್ಲಿ ಯಾರೂ ಇಲ್ಲ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಆಗ ನೆನಪಾದದ್ದು ನನ್ನ ಅಜ್ಜಿ. ನಾವು ಜೈನರು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಅಜ್ಜಿ ಜೀವಮಾನವಿಡೀ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದವಳು. ಅವಳ ಮೊಮ್ಮಗನಿಗೆ ಈಗ ಕಣ್ಣಿಗೆ ಕಾಣದ ಜೀವಗಳನ್ನು ಹುಡುಕಿ ಕೊಲ್ಲುವ ಅಧಿಕಾರ ಸಿಕ್ಕಿತ್ತು. ಅಜ್ಜಿ ತೀರಿಹೋಗಿದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಅಧಿಕಾರ ಬಂದ ಮೇಲೆ ಸುಮ್ಮನಿರುವುದು ಹೇಗೆ? ಕೈ ತೊಳೆಯಿರಿ, ದೂರ ನಿಲ್ಲಿರಿ, ಉಗುಳಬೇಡಿರಿ ಎಂದು ಗೋಡೆಯ ತುಂಬ ಕಾಗದ ಅಂಟಿಸಿದೆ. ನಿಜವಾಗಿ ಕಸ ಗುಡಿಸಿ ನೆಲ ಒರೆಸುತ್ತಿದ್ದವಳು ಪಾರಿಶ್ವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಗಂಗವ್ವ. ನಲವತ್ತೈದು ದಾಟಿದ ಗಟ್ಟಿ ಹೆಂಗಸು, ಮಾತು ಕಡಿಮೆ. ಅವಳು ನನ್ನ ಕಾಗದಗಳನ್ನೆಲ್ಲ ಒಂದು ಸುತ್ತು ನೋಡಿ, "ಸಾಹೇಬ್ರ, ಇಷ್ಟೆಲ್ಲಾ ಹಚ್ಚೀರಲ್ಲ, ಇವನ್ನೂ ದಿನಾ ಒರಸಬೇಕೇನ್ರಿ?" ಎಂದು ಕೇಳಿದಳು. ನಾನು ಇನ್ನೊಂದು ಕಾಗದಕ್ಕೆ ಅಂಟು ಹಚ್ಚಿದೆ. ಮೇಲಿನಿಂದ ಗ್ಲೌಸಿನ ಎರಡು ಡಬ್ಬಿ ಬಂದಿದ್ದವು. ಹಾಳಾಗದಿರಲಿ ಎಂದು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಒಂದು ದಿನ ಗಂಗವ್ವ ಬಂದು, "ಬ್ಲೀಚಿಂಗ್ ಪೌಡರಿಗೆ ಕೈ ಉರಿತಾವ್ರಿ, ಒಂದ ಜೋಡಿ ಕೊಡ್ರೆಲ್ಲ" ಎಂದಳು. "ಪರಿಸ್ಥಿತಿ ಗಂಭೀರ ಆದಾಗ ಕೊಡ್ತೀನಿ, ಈಗ ಹೋಗು" ಎಂದು ಕಳಿಸಿದೆ. ಊರಿಗೆ ಊರೇ ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದಾಗ ಇನ್ನೆಂಥ ಗಂಭೀರ ಪರಿಸ್ಥಿತಿಗೆ ನಾನು ಕಾದಿದ್ದೆನೋ, ಈಗ ಯೋಚಿಸಿದರೂ ತಿಳಿಯುವುದಿಲ್ಲ.

ಮುಂದಿನ ವಾರ ಗಂಗವ್ವನ ಫೋನು ಬಂತು. ಅವಳ ಪಕ್ಕದ ಮನೆಯವರಿಗೆ ಸೋಂಕು ತಗುಲಿ ಓಣಿಯನ್ನೇ ಸೀಲ್ ಮಾಡಿದ್ದರು. ಬದಲಿಗೆ ಯಾರನ್ನಾದರೂ ಕರೆಸೋಣವೆಂದರೆ ಆ ದಿನಗಳಲ್ಲಿ ಯಾರು ಬರುತ್ತಾರೆ? ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆಯ ಕಾಗದ ನೋಡಿದೆ. "ನೋಡಲ್ ಅಧಿಕಾರಿ ಅಂದ್ರ ಬರೇ ನೋಡಾವ ಅಲ್ರಿ ಚೌಗುಲೆ" ಎಂದರು.

ಹೀಗೆ ನಾನು ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಶೌಚಾಲಯಕ್ಕೆ ಇಳಿದೆ. ಅಲ್ಲಿ ಬ್ಲೀಚಿಂಗ್ ಪೌಡರಿನ ಚೀಲವಿತ್ತು, ಶೌಚಾಲಯ ತೊಳೆಯುವ ಆ್ಯಸಿಡ್ಡಿನ ಬಾಟಲಿಯೂ ಇತ್ತು. ಒಂದರಿಂದ ಇಷ್ಟು ಸ್ವಚ್ಛವಾಗುವುದಾದರೆ ಎರಡರಿಂದ ಅದರ ಎರಡು ಪಟ್ಟು ಆಗಬೇಕಲ್ಲ? ಲೆಕ್ಕದಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಎರಡನ್ನೂ ಬಕೆಟ್ಟಿಗೆ ಸುರಿದೆ. ಬಕೆಟ್ಟು ಬುಸ್ ಎಂದಿತು. ಹಳದಿ ಹಬೆಯೊಂದು ಎದ್ದು ಮೂಗಿಗೆ ಸೂಜಿ ಚುಚ್ಚಿದಂತಾಯಿತು, ಕಣ್ಣು ಕತ್ತಲಿಟ್ಟಿತು. ಹೊರಗೆ ಓಡಿದೆ. ಹಬೆ ನನ್ನ ಬೆನ್ನ ಹಿಂದೆಯೇ ಕಚೇರಿಯೊಳಕ್ಕೆ ಬಂತು. ಎರಡೇ ನಿಮಿಷದಲ್ಲಿ ಸಾಹೇಬರೂ ಸೇರಿ ನಾವು ಆರು ಜನ ಬೀದಿಯಲ್ಲಿ ನಿಂತು, ಮಾಸ್ಕು ಕಿತ್ತು, ಮೊಣಕಾಲ ಮೇಲೆ ಕೈಯಿಟ್ಟು ಕೆಮ್ಮುತ್ತಿದ್ದೆವು.

ಬೇರೆ ಯಾವ ವರ್ಷವಾದರೂ ಯಾರಾದರೊಬ್ಬರು ನೀರು ಕೊಡುತ್ತಿದ್ದರು. ಆ ವರ್ಷ ಕೆಮ್ಮಿದವನ ಹತ್ತಿರ ಯಾರು ಸುಳಿಯುತ್ತಾರೆ? ಎದುರಿಗೆ ಕೊತ್ತಂಬರಿ ಮಾರುತ್ತಿದ್ದ ಮುದುಕಿ, "ಅಗಂ ಬಾಯಿ! ಅಖ್ಖ್ಯಾ ಆಫಿಸಾಲಾ ಝಾಲಂ, ಪಳಾ!" ಎಂದು ಮರಾಠಿಯಲ್ಲಿ ಕೂಗಿ, ಬುಟ್ಟಿ ಹೊತ್ತು ಓಡಿದಳು. ಇಡೀ ಆಫೀಸಿಗೇ ರೋಗ ಬಂದಿದೆ, ಓಡಿರಿ ಎಂದು ಅದರ ಅರ್ಥ. ಮರಾಠಿ ಬಂದವರು ಮೊದಲು ಓಡಿದರು, ಬಾರದವರು ಅವರನ್ನು ನೋಡಿ ಓಡಿದರು. ಕ್ಷಣಾರ್ಧದಲ್ಲಿ ಬೀದಿ ಖಾಲಿ. ದೂರ ನಿಲ್ಲಿರಿ ಎಂದು ನಾನು ಅಂಟಿಸಿದ್ದ ಅಷ್ಟೂ ಕಾಗದದಿಂದ ಆಗದ ಕೆಲಸ ಒಂದೇ ಬಕೆಟ್ಟಿನಿಂದ ಆಗಿತ್ತು.

ಗಂಗವ್ವನಿಗೆ ಫೋನು ಹಚ್ಚಿದೆ. "ಎರಡೂ ಕೂಡಿಸಿದ್ರೇನು? ಅಯ್ಯ ನನ್ನ ಶಿವನ!" ಎಂದು ಕೂಗಿದಳು. "ಅದು ಎದಿ ಹಿಡಿತೈತ್ರಿ! ಯಾರೂ ಒಳಗ ಹೋಗಬ್ಯಾಡ್ರಿ. ವಾಸ್ನಿ ಪೂರಾ ಹೋಗೂತನಾ ಹೊರಗ ಗಾಳಿಗಿ ಕುಂದರ್ರಿ." ನಾನು ಕೆಮ್ಮುತ್ತಲೇ, "ನಿನಗ ಇದೆಲ್ಲಾ ಯಾರ ಹೇಳಿದ್ರು?" ಎಂದೆ. "ಒಂದ ಸರ್ತಿ ನಾನೂ ಕೂಡಿಸಿದ್ನಿರಿ. ಆವತ್ತ ಎರಡ ದಿನಾ ರಜಾ ಕೇಳಿದ್ನೆಲ್ಲ, ನೀವು ಕೊಡಲಿಲ್ಲ ನೋಡ್ರಿ, ಆವಾಗ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನದಿಂದ ಪಾಠ ಶುರುವಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಫೋನನ್ನು ಸ್ಪೀಕರಿಗೆ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಗಂಗವ್ವ ಪಾರಿಶ್ವಾಡದಿಂದ ನನ್ನ ಎದೆಯೊಳಗೆ ಕುಳಿತು ಮಾತಾಡುತ್ತಿದ್ದಳು. ಮೊದಲ ಕಸ ಹೊಡೀರಿ, ಆಮ್ಯಾಲ ನೀರು. ಸಂಡಾಸ ಒರಸೂ ಅರಬಿ ಬ್ಯಾರೆ, ಮೇಜು ಒರಸೂ ಅರಬಿ ಬ್ಯಾರೆ. ಒಳಗಿನ ಮೂಲಿಯಿಂದ ಬಾಗಲದ ಕಡೆ ಒರಸ್ಕೋತ ಬರ್ರಿ. ಈ ಕೊನೆಯದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳದೆ ಸಾಹೇಬರ ಕೋಣೆಯನ್ನು ಬಾಗಿಲಿನಿಂದ ಒಳಕ್ಕೆ ಒರೆಸುತ್ತ ಹೋದೆ. ಕಪಾಟಿನ ಮೂಲೆಯಲ್ಲಿ ಸಿಕ್ಕಿಬಿದ್ದೆ. ನೆಲ ಒಣಗುವವರೆಗೆ ನಾನು ಒಳಗೆ, ಸಾಹೇಬರು ಹೊಸ್ತಿಲಿನಾಚೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಇನ್ನೊಂದು ದಿನ ಗಂಗವ್ವ, "ದಾರ ಕಟ್ಟಿದ ಪೆನ್ ಒರಸಿದ್ರೇನ್ರಿ?" ಎಂದು ಕೇಳಿದಳು. ಬಂದ ಜನ ಸಹಿ ಮಾಡಲೆಂದು ಕೌಂಟರಿಗೆ ಕಟ್ಟಿಟ್ಟ ಪೆನ್ನು ಅದು. ದಿನಕ್ಕೆ ನೂರು ಕೈ ಮುಟ್ಟುವ ವಸ್ತು. ನನ್ನ ಯಾವ ಕಾಗದದಲ್ಲೂ ಅದರ ಹೆಸರಿರಲಿಲ್ಲ. ಮೇಲಿನ ಆದೇಶದಲ್ಲೂ ಇರಲಿಲ್ಲ.

ಏಳನೆಯ ದಿನ ಅವಳು ಫೋನು ಎತ್ತಲಿಲ್ಲ. ಮಧ್ಯಾಹ್ನ ಅವಳ ಮಗಳು ಎತ್ತಿ, "ಅವ್ವಗ ಜ್ವರ ಬಂದಾವ್ರಿ. ಟೆಸ್ಟ್ ಮಾಡಿದ್ರು, ಐತಂತ" ಎಂದಳು. ನಾನು ಕಪಾಟಿನ ಬೀಗ ತೆಗೆದೆ. ಗ್ಲೌಸಿನ ಡಬ್ಬಿಗಳು ಬಂದಾಗ ಇದ್ದ ಹಾಗೆಯೇ ಇದ್ದವು, ಒಂದಿಷ್ಟೂ ಹಾಳಾಗದೆ. ರೋಗ ಅವಳಿಗೆ ಓಣಿಯಿಂದಲೇ ಬಂದಿರಬೇಕು ಎಂದು ಎಲ್ಲರೂ ಹೇಳಿದರು. ಇರಬಹುದು. ಆದರೂ ಒಂದು ಜೋಡಿ ಗ್ಲೌಸು ಹಾಕಿಕೊಂಡು ನೋಡಿದವನು ಅಲ್ಲೇ ಬಿಚ್ಚಿಟ್ಟೆ. ಬರಿಗೈಯಿಂದಲೇ ನೆಲ ಒರೆಸಿದೆ. ರಾತ್ರಿ ಊಟಕ್ಕೆ ಕುಳಿತಾಗ ಚಟ್ನಿ ತಾಗಿ ಕೈ ಚುರ್ ಎಂದಿತು. ನೋಡಿದರೆ ಬೆರಳ ಸಂದುಗಳಲ್ಲೆಲ್ಲ ಬಿರುಕು. ಹೆಂಡತಿ ಏನಾಯಿತೆಂದು ಕೇಳಿದಳು. ಆಫೀಸಿನ ಕೆಲಸ ಜಾಸ್ತಿ ಎಂದೆ. ಅಷ್ಟು ನಿಜವಾದ ಮಾತನ್ನು ನಾನು ಅದೇ ಮೊದಲು ಹೇಳಿದ್ದು.

ಐದು ದಿನ ಅವಳ ದನಿ ಕೇಳಲಿಲ್ಲ. ಮಗಳಿಗೆ ದಿನಾ ಎರಡು ಸಲ ಫೋನು ಮಾಡಿ ಅವಳನ್ನೂ ಬೇಸರಪಡಿಸಿದೆ. ಆರನೆಯ ಬೆಳಿಗ್ಗೆ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. "ಸಾಹೇಬ್ರ," ಎಂದು ದನಿ ತೆಳ್ಳಗೆ ಬಂತು, "ಬಕೆಟ್ಟಿನ ನೀರು ಬದಲಿ ಮಾಡೀರಿಲ್ಲೋ?" ನಾನು ಹಸಿ ನೆಲದ ಮೇಲೆಯೇ ಕುಳಿತುಬಿಟ್ಟೆ.

ಹದಿನೆಂಟನೆಯ ದಿನ ಗಂಗವ್ವ ಬಂದಳು. ಸೊರಗಿದ್ದಳು, ಆದರೆ ನಡಿಗೆ ಅದೇ. ಗ್ಲೌಸಿನ ಎರಡೂ ಡಬ್ಬಿಗಳನ್ನು ಎರಡೂ ಕೈಯಿಂದ ಕೊಟ್ಟೆ. "ತಪ್ಪಾತು ಗಂಗವ್ವಾರ" ಎಂದೆ. ಅವಳನ್ನು ಹಾಗೆ ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವಳಿಗೆ ಎಲ್ಲಿ ನೋಡಬೇಕೋ ತಿಳಿಯದೆ, ಕಚೇರಿಯನ್ನು ಒಂದು ಸುತ್ತು ಹಾಕಿ ಬಂದು, "ಎಲ್ಲಾ ಚಲೋ ಐತ್ರಿ. ಕದದ ಹಿಂದ ನೋಡಿಲ್ಲ ನೀವು" ಎಂದಳು. ಕದ ಸರಿಸಿ ನೋಡಿದೆ. ಅಲ್ಲಿ ಹದಿನೇಳು ದಿನದ ಕಸ ನನಗಾಗಿ ಕಾದಿತ್ತು. ಅವಳು ಸುಸ್ತಾಗದಿರಲೆಂದು ಸಾಹೇಬರು ಕೌಂಟರಿನ ಹತ್ತಿರ ಅವಳಿಗೆ ಒಂದು ಕುರ್ಚಿ ಹಾಕಿಸಿದರು. ಅವಳು ಅಲ್ಲಿ ಕುಳಿತು ಹೇಳುವುದು, ನಾವು ನಮ್ಮ ನಮ್ಮ ಜಾಗ ಒರೆಸಿಕೊಳ್ಳುವುದು ಎಂದಾಯಿತು. ಆಶ್ಚರ್ಯವೆಂದರೆ ಯಾರೂ ಗೊಣಗಲಿಲ್ಲ. ಸಾಹೇಬರು ತಮ್ಮ ಕೋಣೆಯನ್ನು ಒಳಗಿನಿಂದ ಬಾಗಿಲಿನ ಕಡೆಗೇ ಒರೆಸುತ್ತಿದ್ದರು.

ಕೆಲವು ತಿಂಗಳಲ್ಲಿ ಅವರಿಗೆ ವರ್ಗವಾಗಿ, ಮೈಸೂರು ಕಡೆಯ ಹೊಸ ಸಾಹೇಬರು ಬಂದರು. ಅವರು ಮೊದಲ ದಿನ ಹೇಳದೇ ಕೇಳದೇ ಬೆಳಿಗ್ಗೆಯೇ ಬಂದಾಗ ಗಂಗವ್ವ ಕುರ್ಚಿಯಲ್ಲಿ ಕುಳಿತಿದ್ದಳು. ನಾನು ಮಾಸ್ಕು ಹಾಕಿಕೊಂಡು, ಪ್ಯಾಂಟು ಮಡಚಿಕೊಂಡು ಅವಳ ಮುಂದೆ ನೆಲ ಒರೆಸುತ್ತಿದ್ದೆ. ಅವರು ಅವಳಿಗೆ ನಮಸ್ಕಾರ ಮಾಡಿ, ನನ್ನ ಕಡೆ ಬೆರಳು ತೋರಿಸಿ, "ಏನಮ್ಮಾ, ಇವನು ಹೊಸಬನಾ? ಕೆಲಸ ಪರವಾಗಿಲ್ವಾ?" ಎಂದು ಕೇಳಿದರು.

ಗಂಗವ್ವ ಒಂದು ಕ್ಷಣ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

"ಇನ್ನೂ ಕಲಿಯಾಕತ್ತಾರ್ರಿ," ಎಂದಳು. "ಕೈ ಚಲೋ ಐತಿ."

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೆಲಸದ ಬಗ್ಗೆ ಯಾರೊಬ್ಬರೂ ಸಾಹೇಬರ ಎದುರಿಗೆ ಅಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ನಾನು ಹೆಡ್ ಕ್ಲರ್ಕ್ ಎಂದು ಹೇಳಿ ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಇನ್ನೊಂದು ಮೂಲೆ ಒರೆಸತೊಡಗಿದೆ.