ಬಿಳಿ ಹಂದರದ ಗುರಿಕಾರ

ನನ್ನ ಗುರಿ ಕೆಟ್ಟದ್ದು ಎಂದು ತಿರ್ಲಾಪುರದಲ್ಲಿ ಯಾರೇ ಹೇಳಿದರೂ ನಂಬಬೇಡಿ. ಕೆಟ್ಟದ್ದು ಮಳೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮನುಷ್ಯ ನಾನು. ಯಾವುದಕ್ಕೆ ಯಾವುದು ಕಾರಣ ಎಂಬುದು ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಹೋದ ವರ್ಷ ಅಣ್ಣಿಗೇರಿಯಲ್ಲಿ ನಮ್ಮ ಗುರಿಕಾರರ ಬಳಗದವರು ಐವತ್ತು ದಾಟಿದವರಿಗಾಗಿ ಏರ್‌ಗನ್ ಸ್ಪರ್ಧೆ ಇಟ್ಟಿದ್ದರು. ನಾನು ಹಾರಿಸಿದ ಇಪ್ಪತ್ತು ಛರ್ರೆ ಗುಂಡುಗಳಲ್ಲಿ ಹತ್ತೊಂಬತ್ತು ಗುರಿಯ ರಟ್ಟಿನ ಹತ್ತಿರ ಕೂಡ ಸುಳಿಯಲಿಲ್ಲ, ಒಪ್ಪಿದೆ. ಆದರೆ ಬಟಾಬಯಲು, ಜಿಟಿಜಿಟಿ ಮಳೆ, ಕನ್ನಡಕದ ತುಂಬ ಹನಿ. ಒಂದು ಗುರಿ ಇದ್ದಲ್ಲಿ ಹದಿನಾಲ್ಕು ಗುರಿ ಕಾಣುತ್ತಿದ್ದವು. (ಉಳಿದ ಹದಿಮೂರನ್ನು ನಾನು ಸರಿಯಾಗಿಯೇ ಹೊಡೆದಿದ್ದೇನೆ ಎಂಬುದು ನನ್ನ ನಂಬಿಕೆ.) ಇಪ್ಪತ್ತನೆಯ ಛರ್ರೆ ಮಾತ್ರ ರಟ್ಟಿನ ನಟ್ಟನಡುವೆ ತೂತು ಕೊರೆದಿತ್ತು. ಆ ರಟ್ಟಿಗೆ ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ.

ನನ್ನ ಹೆಂಡತಿ ಗೌರಕ್ಕನಿಗೆ ಈ ಲಕ್ಷ್ಯಭೇದ ವಿದ್ಯೆಯ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಕಾರಣವೂ ಇದೆ ಅನ್ನಿ. ಹಿತ್ತಲಲ್ಲಿ ಅಭ್ಯಾಸ ಮಾಡುವಾಗ ಒಂದು ಛರ್ರೆ ಗೋಡೆಗೆ ಬಡಿದು, ಸಿಡಿದು, ಕಿಟಕಿಯೊಳಗೆ ಹಾರಿ, ಜೋಳದ ಚೀಲದಲ್ಲಿ ಬಿದ್ದಿತ್ತು. ಗಿರಣಿಯವನು ನೋಡಲಿಲ್ಲ. ರೊಟ್ಟಿಯಲ್ಲಿ ಅದು ಅವಳ ದವಡೆ ಹಲ್ಲಿಗೇ ಸಿಕ್ಕಿತು. ಅಂದಿನಿಂದ ಅವಳು ಎಡಗಡೆಯಿಂದ ಊಟ ಮಾಡುತ್ತಾಳೆ, ಬಲಗಡೆಯಿಂದ ನನ್ನನ್ನು ಬಯ್ಯುತ್ತಾಳೆ.

"ಈ ಸಲ ಇಪ್ಪತ್ತರಾಗ ಐದಾದ್ರೂ ಬೀಳಬೇಕ್ರಿ," ಎಂದಳು ಆಷಾಢ ಕಾಲಿಡುತ್ತಲೇ. "ಇಲ್ಲಾಂದ್ರ ಜಾತ್ರ್ಯಾಗ ಗಾಳಿ ಪುಗ್ಗಾ ಹೊಡಿಯೂ ಆ ಬಂದೂಕ ಈ ಮನ್ಯಾಗ ಇರೂದಿಲ್ಲ."

"ಪುಗ್ಗಾ ಹೊಡಿಯೂದಲ್ಲಲೇ ಇದು! ಸ್ಪರ್ಧಾದ ಬಂದೂಕ."

"ಹಂಗಾರ ಪುಗ್ಗಾನಾದ್ರೂ ಹೊಡೀರಿ. ಅಷ್ಟರಮ್ಯಾಲೆ ಸಮಾಧಾನ ಮಾಡ್ಕೋತೇನಿ."

ಇಂಥ ಅಪಮಾನವನ್ನು ಗಂಡಸಾದವನು ಎಷ್ಟು ದಿನ ನುಂಗಬೇಕು? ಐದಲ್ಲ, ಹತ್ತು ಹೊಡೆದು ತೋರಿಸುತ್ತೇನೆ ಎಂದು ಪಣ ತೊಟ್ಟೆ. ಅದೇ ವಾರ ಬಳಗದ ಕಾರ್ಯದರ್ಶಿ ಗೂಳಪ್ಪನವರಿಂದ ಮೊಬೈಲಿಗೆ ಸುತ್ತೋಲೆ ಬಂತು: 'ಮಳೆ ಬಂದರೂ ಸ್ಪರ್ಧೆ ನಿಲ್ಲತಕ್ಕದ್ದಲ್ಲ. ಮಳೆಗೆ ಆಸರೆಯನ್ನು ಸ್ಪರ್ಧಿಗಳೇ ಹೊತ್ತು ತರತಕ್ಕದ್ದು.' ಓದಿ ಕುಣಿದಾಡಿಬಿಟ್ಟೆ. ಹೊತ್ತು ಒಯ್ಯಬಹುದಾದ ಒಂದು ಸೂರು ಸಿಕ್ಕರೆ ಕನ್ನಡಕ ಒಣಗಿರುತ್ತದೆ. ಕನ್ನಡಕ ಒಣಗಿದ್ದರೆ ಗುರಿ ಒಂದೇ ಕಾಣುತ್ತದೆ. ಮುಂದಿನದ್ದು ನನ್ನ ಕೈಯಲ್ಲಿದೆ. ಶುದ್ಧ ವಿಜ್ಞಾನ!

ಮೊದಲು ಕೊಡೆ ನೋಡಿದೆ. ಎರಡೂ ಕೈ ಬಂದೂಕಿನ ಮೇಲೆ ಇರಬೇಕಾದ್ದರಿಂದ ಕೊಡೆ ಹಿಡಿಯಲು ಗೌರಕ್ಕನನ್ನು ಕರೆದೆ. ಐದು ನಿಮಿಷ ಹಿಡಿದಳು. ಆರನೆಯ ನಿಮಿಷಕ್ಕೆ ಅವಳ ತಂಗಿಯ ಫೋನು ಬಂತು. ಮಾತು ರಂಗೇರಿದಂತೆಲ್ಲ ಕೊಡೆ ಆಕೆಯ ಕಡೆಗೇ ವಾಲುತ್ತ ವಾಲುತ್ತ, ಕಡೆಗೆ ಕೊಡೆಯ ಮೇಲಿನ ನೀರೆಲ್ಲ ನನ್ನ ಕೊರಳಪಟ್ಟಿಯೊಳಗೆ ಇಳಿಯಿತು.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಡೇರೆ. ಜಾಡಿಸಿದರೆ ತಾನೇ ಬಿಚ್ಚಿಕೊಳ್ಳುವ ಜಾತಿಯದು. ಜಾಡಿಸುವ ಮೊದಲೇ, ಪಡಸಾಲೆಯಲ್ಲಿ ಚೀಲದ ಬಾಯಿ ತೆರೆಯುತ್ತಲೇ, ಫಟ್ಟೆಂದು ಹಾರಿ ಬಿಚ್ಚಿಕೊಂಡಿತು. ಗೌರಕ್ಕ ಕಪಾಟಿಗೂ ಡೇರೆಗೂ ನಡುವೆ ಸಿಕ್ಕಿಬಿದ್ದಳು.

"ಏನ್ರೀ! ತಗೀರಿ ಇದನ್ನ! ಉಸರ ಹಿಡ್ಯಾಕ ಹತ್ತೇತಿ!"

"ತಡೀ, ಮಡಚೂದು ಹೆಂಗಂತ ವಿಡಿಯೋದಾಗ ತೋರಸಾಕ ಹತ್ಯಾರ."

ವಿಡಿಯೋದಲ್ಲಿ ಒಬ್ಬ ಸಣಕಲು ಹುಡುಗಿ ಅದನ್ನು ಒಂದೇ ನಿಮಿಷದಲ್ಲಿ ಮಡಚಿದಳು. ನಾವಿಬ್ಬರೂ ಸೇರಿ ಎರಡು ತಾಸು ಗುದ್ದಾಡಿದೆವು. ಮಡಚಿದಷ್ಟೂ ಅದು ಇನ್ನೊಂದು ಕಡೆಯಿಂದ ಉಬ್ಬಿ ಹೆಡೆ ಎತ್ತುತ್ತಿತ್ತು. ಕಡೆಗೆ ಹಾಗೇ ಹಿತ್ತಲಿಗೆ ದಬ್ಬಿದೆವು. ಮರುದಿನ ನಮ್ಮ ಆಡು ಅದರೊಳಗೆ ಎರಡು ಮರಿ ಹಾಕಿತು. ಬಾಣಂತಿಯನ್ನು ಹೊರಗೆ ಹಾಕಲು ಗೌರಕ್ಕ ಒಪ್ಪಲಿಲ್ಲ.

ಮೂರನೆಯದು ಲಾರಿಗೆ ಹೊದಿಸುವ ತಾಡಪತ್ರಿ. ನಾಲ್ಕು ಬಿದಿರು ನಿಲ್ಲಿಸಿ ಕಟ್ಟಿದೆ. ನಮ್ಮ ಎರೆ ನೆಲ ಹಸಿಯಾದರೆ ಕಾಲಿನ ಚಪ್ಪಲಿಯನ್ನು ಬಿಡದೆ ಹಿಡಿಯುತ್ತದೆ, ಗೂಟವನ್ನು ಮಾತ್ರ ಹಿಡಿಯುವುದಿಲ್ಲ. ಒಂದು ಗಾಳಿ ಬೀಸಿದ್ದೇ ತಡ, ತಾಡಪತ್ರಿ ಬಿದಿರುಗಳ ಸಮೇತ ಎದ್ದು ಮೂರು ಹೊಲ ದಾಟಿ ಯಾರದೋ ಹತ್ತಿಯಲ್ಲಿ ಹೋಗಿ ಕೂತಿತು.

ಸ್ಪರ್ಧೆಗೆ ನಾಲ್ಕೇ ದಿನ ಉಳಿದಿತ್ತು. ಆಗ ನೆನಪಾದವನು ಹಂದರ ಹಾಕುವ ಆಸೀಫ್. ಅವನಲ್ಲಿ ಕೊಡೆಯಂತೆ ಮಡಚುವ, ನಾಲ್ಕು ಕಬ್ಬಿಣದ ಕಾಲಿನ ಸಣ್ಣ ಹಂದರಗಳಿದ್ದವು. ಆಷಾಢವಾದ್ದರಿಂದ ಲಗ್ನವಿಲ್ಲ, ಮುಂಜಿಯಿಲ್ಲ, ಎಲ್ಲವೂ ಖಾಲಿ ಬಿದ್ದಿದ್ದವು.

"ಈ ಕೆಂಪೂ ಹಳದೀದು ಒಯ್ರಿ ಮಾಸ್ತರ. ಝಾಲರಿ ಐತಿ, ಅಗದಿ ಚೆಂದ ಕಾಣತೈತಿ," ಎಂದ.

"ಗುರಿಕಾರಗ ಝಾಲರಿ ಯಾತಕ್ಕೋ? ಕೆಂಪು ಬಣ್ಣ ಬೆಳಕು ನುಂಗತೈತಿ. ಆ ಬಿಳೇದು ಕೊಡು. ಬೆಳಕು ಸಮನಾಗಿ ಹರಡತೈತಿ."

ಆಸೀಫ್ ತಲೆ ಕೆರೆದುಕೊಂಡ. "ಬಿಳೇದಾ? ಮಾಸ್ತರ, ಬಿಳೇದನ್ನ ಮಂದಿ ಎಂಥಾ ಹೊತ್ತಿನ್ಯಾಗ ಒಯ್ತಾರಂದ್ರ..."

"ವಿಜ್ಞಾನ ನನಗ ಹೇಳಬ್ಯಾಡ," ಎಂದು ಅವನ ಬಾಯಿ ಮುಚ್ಚಿಸಿದೆ. ಪಾಪ, ಅವನು ವಿಜ್ಞಾನ ಹೇಳಲು ಹೊರಟಿರಲಿಲ್ಲ.

ಗುರುವಾರ ಬೆಳಿಗ್ಗೆ ಆ ಚತುಷ್ಪಾದ ಶ್ವೇತಮಂಟಪವನ್ನು ಮನೆಯ ಮುಂದೆ, ಗೋಡೆಗೆ ಹತ್ತಿಸಿ ನಿಲ್ಲಿಸಿದೆ. ಮಳೆ ಧೋ ಎನ್ನುತ್ತಿತ್ತು, ಒಳಗೆ ಒಂದು ಹನಿಯಿಲ್ಲ. ಗೌರಕ್ಕ ಜೋಳ ಹೊತ್ತು ಗಿರಣಿಗೆ ಹೋಗಿದ್ದಳು. ನಾನು ಜಳಕ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಗೋಡೆಗೆ ಆನಿಕೊಂಡು ಕೂತೆ. ಚಳಿಗೆ ಬಿಳಿ ಶಾಲು ಹೊದ್ದು, ಛರ್ರೆ ತುಂಬಿದ ಬಂದೂಕನ್ನು ತೇವ ತಾಗದಂತೆ ಶಾಲಿನೊಳಗೆ ಇಟ್ಟುಕೊಂಡೆ. ದೊಡ್ಡ ದೊಡ್ಡ ಗುರಿಕಾರರು ಹೊಡೆಯುವ ಮೊದಲು ಹತ್ತು ನಿಮಿಷ ಕಣ್ಣು ಮುಚ್ಚಿ, ಅಲುಗಾಡದೆ, ಉಸಿರು ಸಣ್ಣದು ಮಾಡಿ, ಮನಸ್ಸಿನಲ್ಲೇ ಗುರಿ ಹೊಡೆಯುತ್ತಾರಂತೆ. ಅದನ್ನೂ ವಿಡಿಯೋದಲ್ಲೇ ನೋಡಿದ್ದೆ. ಶುರು ಮಾಡಿದೆ.

ಮೂರನೆಯ ನಿಮಿಷಕ್ಕೆ, ಹಾಲಿಗೆ ಹೆಪ್ಪು ಕೇಳಲು ಬಾಜೂ ಮನೆಯ ಮುದುಕಿ ಕಸ್ತೂರೆವ್ವ ಬಂದಳು. ಠಣ್ಣೆಂದು ಬಟ್ಟಲು ಬಿದ್ದ ಸಪ್ಪಳ ಕೇಳಿಸಿತು. ಆಮೇಲೆ ಇಡೀ ಓಣಿಗೆ ಕೇಳುವಂಥ ಕೂಗು:

"ಅಯ್ಯೋ ನನ್ನ ಶಿವನ! ಮಾಸ್ತರ್ರ! ನಿನ್ನಿ ಸಂಜೀಕ ಮಾತಾಡಿದ್ರೆಲ್ಲೋ ಎಪ್ಪಾ!"

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಆಷಾಢದಲ್ಲಿ ಮನೆಯ ಮುಂದೆ ಹಂದರ ಎದ್ದರೆ, ಅದೂ ಬಿಳಿಯದು ಎದ್ದರೆ, ಅದರಡಿ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿ ಕೂತವನು ಏನಾಗಿರುತ್ತಾನೆಂದು ಕಸ್ತೂರೆವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗಲೇ ಕಣ್ಣು ತೆರೆದಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಾಧನೆ ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಂತೆ, ಇನ್ನೂ ಏಳು ನಿಮಿಷ ಬಾಕಿ ಇತ್ತು. ಅಷ್ಟರಲ್ಲಿ ಮಂದಿ ಕೂಡಿದರು. ಕೂಡಿದವರು ನನ್ನನ್ನು ಹೊಗಳತೊಡಗಿದರು. ಸುಳ್ಳೇಕೆ ಹೇಳಲಿ, ಬದುಕಿದ್ದಾಗ ಯಾರೂ ಆಡದ ಮಾತುಗಳು, ಕೇಳುವ ಆಸೆಯಾಯಿತು.

"ಭಾಳ ಛಲೋ ಮನಶ್ಯಾ. ಯಾರಿಗೂ ಒಂದ ಕೆಟ್ಟದ್ದು ಮಾಡಲಿಲ್ಲ."

"ಮಾಡಬೇಕಂದ್ರೂ ಅವರ ಗುರಿ ಹತ್ತತಿರಲಿಲ್ಲ ಬಿಡ್ರಿ."

ಯಾರೋ ಕೊರಳಿಗೆ ಹಾರ ಹಾಕಿದರು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದ ಸಪ್ಪಳವಾಯಿತು. ಭಜನೆಯವರು ತಾಳ ಕುಟ್ಟುತ್ತ ಕೂತೇಬಿಟ್ಟರು. ಅಷ್ಟರಲ್ಲಿ ನನ್ನ ಹೆಂಡತಿಯ ತಮ್ಮ ಪ್ರಭು ಓಡುತ್ತ ಬಂದು ನನ್ನ ಮೊಣಕಾಲ ಮೇಲೆ ಬಿದ್ದು ಗಳಗಳ ಅತ್ತ. ಈ ವರ್ಷ ಐವತ್ತು ದಾಟಿ ನನ್ನ ಜೊತೆ ಸ್ಪರ್ಧೆಗೆ ಇಳಿಯಬೇಕಿದ್ದವನು. ಹೋದ ವರ್ಷ ವಯಸ್ಸು ಸಾಲದೆ ರಟ್ಟು ಬಿಚ್ಚಿ ತರುವ ಕೆಲಸ ಮಾಡಿದ್ದ. ಅವನ ಅಳು ಕೇಳಿ ನನ್ನ ಕಣ್ಣಲ್ಲೂ ನೀರು ತುಂಬಿತು.

"ಮಾಮಾ, ನನ್ನ ಹೊಟ್ಟ್ಯಾಗ ಒಂದ ಮಾತು ಉಳದೈತಿ, ಕ್ಷಮಾ ಮಾಡ್ರಿ!" ಎಂದು ಬಿಕ್ಕಿದ. "ಹ್ವಾದ ವರ್ಷ ನಿಮ್ಮ ರಟ್ಟಿನ್ಯಾಗಿನ ಆ ಒಂದ ತೂತು... ಅದನ್ನ ನಾನ ಪೆನ್ನಿಲೆ ಮಾಡಿದ್ನಿ!"

"ಖೊಟ್ಟಿ ನನ ಮಗನ! ಏನಂದೀ?"

ನಾನು ಎದ್ದು ನಿಂತಿದ್ದೆ. ಮುಂದಿನದು ಕ್ಷಣದಲ್ಲಿ ನಡೆಯಿತು. ಕೋಲಿಲ್ಲದೆ ಹೆಜ್ಜೆ ಇಡದ ಕಸ್ತೂರೆವ್ವ ಕೋಲು ಬಿಟ್ಟು ಓಡಿದಳು. ಭಜನೆಯವರು ಒಬ್ಬರ ಮೇಲೊಬ್ಬರು ಬಿದ್ದರು. ಶಾಲಿನೊಳಗಿನ ಬಂದೂಕು ಟಪ್ಪೆಂದಿತು. ಛರ್ರೆ ನೇರ ಮೇಲೆ ಹೋಗಿ, ಮಳೆನೀರು ತುಂಬಿ ಹೊಟ್ಟೆ ಬಿಟ್ಟಿದ್ದ ಹಂದರದ ಬಟ್ಟೆಗೆ ಬಡಿಯಿತು. ಬಟ್ಟೆ ಪರ್ರನೆ ಹರಿದು, ನಾಲ್ಕು ಕೊಡ ನೀರು ದುಃಖತಪ್ತರ ಮೇಲೆ ಒಟ್ಟಿಗೇ ಸುರಿಯಿತು. ನನ್ನ ಜೀವಮಾನದಲ್ಲಿ ನಡುಮಧ್ಯಕ್ಕೆ ಬಿದ್ದ ಛರ್ರೆ ಅದೊಂದೇ.

ಹಿಟ್ಟಿನ ಡಬ್ಬಿ ಹೊತ್ತ ಗೌರಕ್ಕ ಹಂದರದ ಅಂಚಿನಲ್ಲಿ ನಿಂತಿದ್ದಳು. ಹಂದರ, ಹಾರ, ವಿಭೂತಿ, ತೊಯ್ದ ಮಂದಿ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಅವಳಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗುವುದಿಲ್ಲ.

"ಊಟಕ್ಕ ಎಷ್ಟ ಮಂದಿ ಆದಾರು?" ಎಂದಳು.

"ಊಟ ಇರಲಿ! ಆ ತೂತು ಪೆನ್ನಿಂದಂತ! ನಿನಗ ಗೊತ್ತಿತ್ತೇನು?"

"ನಾನ ಹೇಳಿದ್ನಿ ಅವಗ. ಒಂದೂ ಬೀಳಲಿಲ್ಲಂತ ನೀವು ಮಾರಿ ಸಣ್ಣದು ಮಾಡ್ಕೊಂಡು ನಿಂತಿದ್ರಿ. ನನಗ ನೋಡಾಕ ಆಗಲಿಲ್ಲ."

ಅವಳ ಮೇಲೆ ಸಿಟ್ಟಾಗಬೇಕಿತ್ತೋ, ಪ್ರೀತಿ ತೋರಬೇಕಿತ್ತೋ ನನಗೆ ಇನ್ನೂ ತಿಳಿದಿಲ್ಲ. ಅತ್ತ ಮಂದಿಯಲ್ಲಿ ಬೇರೆಯೇ ವಾದ ಎದ್ದಿತ್ತು: ಸತ್ತವರ ಮನೆಗೆ ಬಂದವರು ಜಳಕ ಮಾಡಬೇಕು, ಆದರೆ ಸತ್ತವನು ಸತ್ತಿಲ್ಲವಾದರೆ? ನೆತ್ತಿಯ ಮೇಲೆ ನೀರು ಬಿದ್ದದ್ದನ್ನೇ ಜಳಕವೆಂದು ತಿಳಿಯತಕ್ಕದ್ದು ಎಂದು ಭಜನೆಯ ಹಿರಿಯರು ತೀರ್ಪು ಕೊಟ್ಟು, ಇಪ್ಪತ್ತಾರು ಜನ ಝುಣಕ ರೊಟ್ಟಿ ಉಂಡು ಹೋದರು.

ಭಾನುವಾರ ಹಂದರಕ್ಕೆ ತೇಪೆ ಹಾಕಿಸಿ, ಪ್ರಭುವಿನ ಮೂರು ಗಾಲಿಯ ಟಂಟಂನಲ್ಲಿ ಏರಿಸಿ, ಬಂದೂಕನ್ನು ಎದೆಗವಚಿಕೊಂಡು ಅಣ್ಣಿಗೇರಿಗೆ ಹೋದೆ. ಪೆನ್ನಿನ ಕಳಂಕವನ್ನು ತೊಳೆಯಲೇಬೇಕಿತ್ತು. ಬುತ್ತಿ ಕಟ್ಟಿಕೊಂಡು ಗೌರಕ್ಕನೂ ಬಂದಳು. ಕರೆಯದಿದ್ದರೂ ಬಂದಳಲ್ಲ ಎಂದು ಹಿಗ್ಗಿದೆ.

ಮೈದಾನದ ಬಾಗಿಲಲ್ಲೇ ದೊಡ್ಡ ಬ್ಯಾನರು. ಅದರಲ್ಲಿ ಹಾರ ಹಾಕಿದ, ವಿಭೂತಿ ಹಚ್ಚಿದ, ಕಣ್ಣು ಮುಚ್ಚಿದ ನಾನು! ಕೆಳಗೆ: 'ದಿವಂಗತ ಸಂಗನಬಸವ ಮಾಸ್ತರ ಸ್ಮಾರಕ ಏರ್‌ಗನ್ ಸ್ಪರ್ಧೆ.'

"ಬರ್ರಿ ಬರ್ರಿ ಮಾಸ್ತರ!" ಎಂದು ಗೂಳಪ್ಪನವರು ಕೈ ಮುಗಿದರು. "ನೀವು ಬದುಕೀರಂತ ಪ್ರಭು ಶುಕ್ರವಾರ ಹೇಳಿದ್ರು. ಭಾಳ ಸಂತೋಷ ಆತು. ಆದ್ರ ಬ್ಯಾನರ್ ಪ್ರಿಂಟ್ ಆಗಿತ್ತು ನೋಡ್ರಿ."

"ಇರಲಿ, ಅದನ್ನ ಆಮ್ಯಾಲೆ ನೋಡೂಣು. ನನ್ನ ಪಾಳಿ ಎಷ್ಟನೇದು?"

"ನಿಮ್ಮ ಪಾಳಿನಾ? ಯಾರ ಸ್ಮಾರಕ ಐತಿ, ಅವರ ಅದರಾಗ ಹೊಡ್ಯಾಕ ಹೆಂಗ್ ಬರತೈತ್ರಿ? ಬಳಗದ ನಿಯಮಕ್ಕ ಕೂಡೂದಿಲ್ಲ. ನೀವು ಮುಖ್ಯ ಅತಿಥಿ, ಕುಂದರ್ರಿ. ಸ್ಮಾರಕಕ್ಕಂತ ಬಿಳಿ ಹಂದರಾನೂ ತಂದೀರಿ! ಮತ್ತ ಬಹುಮಾನಾನೂ ಸ್ವತಃ ಹೊತ್ತು ತಂದೀರಿ. ದೊಡ್ಡ ಮನಸು ನಿಮ್ಮದು!"

ಹೀಗೆಂದವರೇ ನನ್ನ ಕೈಯಿಂದ ಬಂದೂಕನ್ನು ಮೆತ್ತಗೆ ಬಿಡಿಸಿಕೊಂಡು, ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟರು. ಮೊದಲು ಬಂದವರಿಗೆ ಅದೇ ಬಹುಮಾನವಂತೆ. ಯಾರು ಕೊಟ್ಟರು ಎಂದು ಕಿರುಚಿದೆ.

"ಅಕ್ಕಾರ ಕೊಟ್ಟಾರಲ್ರಿ! ಗುರುವಾರ ಮಧ್ಯಾಹ್ನ ಫೋನ್ ಮಾಡಿ, ಮಾಸ್ತರ ನೆನಪಿಗೆ ಬಂದೂಕ ಬಳಗಕ್ಕ ಕೊಡ್ತೀರೇನ್ರಿ ಅಂತ ಕೇಳಿದ್ವಿ. ಅವಶ್ಯ ಒಯ್ರಿ ಅಂದ್ರು."

ಗುರುವಾರ ಮಧ್ಯಾಹ್ನ ನಾನು ಅದೇ ಮನೆಯ ಪಡಸಾಲೆಯಲ್ಲಿ ಝುಣಕ ಬಡಿಸುತ್ತಿದ್ದೆ. ಗೌರಕ್ಕನ ಕಡೆ ತಿರುಗಿದೆ. ಅವಳು ನನ್ನದೇ ಹಂದರದಡಿ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ನಾ ಸತ್ತೇನಿ ಅಂತ ಹೇಳಿದಿ?"

"ಶಿವ ಶಿವಾ! ಅಂಥಾ ಮಾತು ನನ್ನ ಬಾಯಾಗ ಬರತೈತೇನ್ರೀ? ಬಂದೂಕ ಕೇಳಿದ್ರು, ಕೊಟ್ನಿ. ಇದ್ದಾರೋ ಇಲ್ಲೋ ಅಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ."

ಸಂಜೆ ಇಪ್ಪತ್ತಕ್ಕೆ ಹದಿನೇಳು ಹೊಡೆದ ಪ್ರಭುವಿಗೆ ನನ್ನ ಬಂದೂಕನ್ನು ನನ್ನ ಅಮೃತಹಸ್ತದಿಂದಲೇ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಗೌರಕ್ಕ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ವಾಪಸು ಬರುವಾಗ ಟಂಟಂನಲ್ಲಿ ಹಲ್ಲು ಕಡಿಯುತ್ತ ಹೇಳಿದೆ:

"ಮುಂದಿನ ವರ್ಷ ಹೊಸಾ ಬಂದೂಕ ತಂದು ಎಲ್ಲಾರಕಿಂತ ಮೊದಲ ಬರ್ತೇನಿ, ನೋಡ್ತಿರು!"

"ಮುಂದಿನ ವರ್ಷ ಹೆಂಗ್ ಹೋಗತೀರಿ?" ಎಂದಳು ಗೌರಕ್ಕ, ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟುತ್ತ. "ಅವತ್ತ ನಿಮ್ಮ ವರ್ಷದ ಪುಣ್ಯತಿಥಿ ಬರತೈತಿ. ಹೋಳಿಗಿ ಮಾಡ್ತೇನಿ, ಸುಮ್ನ ಮನ್ಯಾಗ ಕುಂತು ಉಣ್ರಿ."